ನಾನೂರ ಹದಿನೇಳರ ಕೆಲಸ

ಹರಿಹರದಿಂದ ದಾವಣಗೆರೆಗೆ ಹೊರಟ ಬಸ್ಸಿನಲ್ಲಿ ಅವತ್ತು ಕಂಡಕ್ಟರನಿಗೂ ಕಲ್ಲೇಶಪ್ಪನಿಗೂ ಕೈಕೈ ಮಿಲಾಯಿಸುವುದೊಂದು ಬಾಕಿ. ಗೋಣಿತಾಟಿನಲ್ಲಿ ಸುತ್ತಿದ ಕಬ್ಬಿಣದ ಗಂಟನ್ನು ಕಲ್ಲೇಶಪ್ಪ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಮೇಲೆ ಹಾಕ್ರಿ ಅಂದರೆ ಕೇಳಲಿಲ್ಲ, ಸೀಟಿನ ಕೆಳಗೆ ತಳ್ಳ್ರಿ ಅಂದರೂ ಕೇಳಲಿಲ್ಲ. "ಅದಕ್ಕೂ ಒಂದು ಟಿಕೆಟ್ ಕೊಡಪ್ಪ, ಕಿಟಕಿ ಕಡೆ ಕೂರಿಸ್ತೀನಿ" ಅಂದ. ಐವತ್ತೆರಡು ವರ್ಷದ, ತಲೆ ನರೆತ ಮನುಷ್ಯ ಹಾಗೆ ಹಟಕ್ಕೆ ಬಿದ್ದರೆ ಕಂಡಕ್ಟರ್ ತಾನೇ ಏನು ಮಾಡಿಯಾನು. ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಗಂಟಿನಲ್ಲಿದ್ದದ್ದು ಕಾರಿನ ಮ್ಯಾನಿಫೋಲ್ಡು. ಎಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ನಾಲ್ಕು ಕೊಳವೆಗಳು ಬಾಗಿ ಬಳಸಿ ಬಂದು ಕೊನೆಗೆ ಒಂದರಲ್ಲಿ ಸೇರುತ್ತವೆ. ಕಾರಿನ ಜೊತೆ ಬಂದದ್ದು ಎರಕದ ಗಿಡ್ಡ ಸಾಮಾನು. ಇದು ಕಲ್ಲೇಶಪ್ಪ ಅಳತೆ ತೆಗೆದು, ಗೆಳೆಯ ಬೊಮ್ಮಣ್ಣ ಹರಿಹರದ ತನ್ನ ಮನೆಯ ಪಕ್ಕದ ಚಪ್ಪರದಲ್ಲಿ ವೆಲ್ಡ್ ಮಾಡಿದ್ದು. ತುಂಗಭದ್ರೆಯ ಮರಳನ್ನು ಹುರಿದು ಕೊಳವೆಯೊಳಗೆ ಗಿಡಿದು, ಎರಡೂ ಬಾಯಿಗೆ ಬೆಣೆ ಹೊಡೆದು, ಕೆಂಪಗೆ ಕಾಯಿಸಿ ಬಾಗಿಸಿದ್ದರು. ಹಾಗೆ ಮಾಡದಿದ್ದರೆ ಬಾಗಿದ ಕಡೆ ಕೊಳವೆ ಚಪ್ಪಟೆಯಾಗುತ್ತದೆ. ಹನ್ನೊಂದು ದಿನದ ಕೆಲಸ. ಕೊನೆಯ ಕೊಳವೆಯ ಬಗಲಲ್ಲಿ ಅಕ್ಕಿಕಾಳಿನಷ್ಟು ಸಣ್ಣದಾಗಿ 417 ಎಂದು ಒತ್ತಿತ್ತು.

ಆ ನಂಬರು ಬೊಮ್ಮಣ್ಣನದು. ಹರಿಹರದ ಯಂತ್ರದ ಕಾರ್ಖಾನೆಯೊಂದರಲ್ಲಿ ಇಬ್ಬರೂ ಇಪ್ಪತ್ತನಾಲ್ಕು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದವರು. ಕಲ್ಲೇಶಪ್ಪ ಫಿಟ್ಟರು, ಬೊಮ್ಮಣ್ಣ ವೆಲ್ಡರು. ಅಲ್ಲಿ ಪ್ರತಿಯೊಬ್ಬ ವೆಲ್ಡರಿಗೂ ಒಂದು ನಂಬರು, ಆ ನಂಬರಿನ ಅಂಕಿಗಳ ಉಕ್ಕಿನ ಪಂಚುಗಳು. ವೆಲ್ಡ್ ಮುಗಿದ ಕೂಡಲೇ ಪಕ್ಕದಲ್ಲಿ ಸುತ್ತಿಗೆಯಿಂದ ತನ್ನ ನಂಬರು ಒತ್ತಬೇಕು. ನಾಳೆ ಬಿರುಕು ಬಿಟ್ಟರೆ ಯಾರ ಕಿವಿ ಹಿಂಡಬೇಕು ಅನ್ನುವುದು ಮೇಲಿನವರಿಗೆ ಗೊತ್ತಾಗಬೇಕಲ್ಲ. ಬೇರೆಯವರು ಅದನ್ನು ಶಿಕ್ಷೆ ಅಂದುಕೊಂಡರೆ ಬೊಮ್ಮಣ್ಣ ಅದನ್ನು ರುಜು ಅಂದುಕೊಂಡಿದ್ದ. ಕಾರ್ಖಾನೆಗೆ ಬೀಗ ಬಿದ್ದ ದಿನ ಎಲ್ಲರ ಹತಾರದ ಪೆಟ್ಟಿಗೆಗಳೂ ಒಳಗೇ ಉಳಿದವು. ಬೊಮ್ಮಣ್ಣ ಮಾತ್ರ ಸೊಂಟದ ಚೀಲದಲ್ಲಿದ್ದ ಮೂರು ಪಂಚುಗಳ ಸಮೇತ ಗೇಟು ದಾಟಿದ. ನಾಲ್ಕು, ಒಂದು, ಏಳು. ಇಪ್ಪತ್ತನಾಲ್ಕು ವರ್ಷಕ್ಕೆ ಅವನಿಗೆ ದಕ್ಕಿದ್ದು ಅಷ್ಟೇ.

ಇವರ ಸ್ನೇಹ ಎಂಥದ್ದು ಅನ್ನುವುದಕ್ಕೆ ಒಂದು ಮಾತು ಹೇಳಬೇಕು. ಎಂಬತ್ನಾಲ್ಕನೇ ಇಸವಿಯಲ್ಲಿ ಬೊಮ್ಮಣ್ಣನ ಕೈ ತಪ್ಪಿ ಒಂದು ದೊಡ್ಡ ಯಂತ್ರದ ತಳ ಸೊಟ್ಟಗಾಯಿತು. ಅವತ್ತು ಅವನಿಗೆ ಮೈ ಸುಡುವ ಜ್ವರ, ರಜೆ ಹಾಕದೆ ಬಂದಿದ್ದ. ಇನ್ಸ್‌ಪೆಕ್ಟರ್ ಬಂದು ಗದರಿದಾಗ ಕಲ್ಲೇಶಪ್ಪ ಮುಂದೆ ಬಂದು "ಕ್ಲ್ಯಾಂಪ್ ನಾನೇ ಸರಿಯಾಗಿ ಬಿಗಿದಿರಲಿಲ್ಲ ಸಾರ್, ತಪ್ಪು ನಂದು" ಅಂದುಬಿಟ್ಟ. ಏಳು ದಿನ ಸಸ್ಪೆಂಡಾದ. ಆ ಸುಳ್ಳು ಅವರಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ. ಬೊಮ್ಮಣ್ಣ ಅದನ್ನು ಎಂದೂ ಮರೆಯಲಿಲ್ಲ. ಮರೆತಿದ್ದರೆ ಒಳ್ಳೆಯದಿತ್ತು.

ಈ ಮ್ಯಾನಿಫೋಲ್ಡಿನ ಹಿಂದೆ ಒಂದು ಆಸೆ ಇತ್ತು. ದಾವಣಗೆರೆಯ ಹತ್ತಿ ವ್ಯಾಪಾರಿ ವಾಮದೇವಪ್ಪನವರ ಮಗ ಸಂತೋಷನಿಗೆ ಕಾರಿನ ಹುಚ್ಚು. ಕಂಪ್ಯೂಟರ್ ಇರುವ ಹೊಸ ಕಾರು ತರಿಸಿದ್ದ. ಅದಕ್ಕೆ ಬೇಕಾದ ಸೀಸ ಬೆರೆಸದ ಪೆಟ್ರೋಲು ಊರಲ್ಲಿ ಸಿಗದೆ ತಮ್ಮದೇ ಲಾರಿಯಲ್ಲಿ ಬೆಂಗಳೂರಿನಿಂದ ಡ್ರಮ್ಮಿನಲ್ಲಿ ತರಿಸುತ್ತಿದ್ದ. ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಆವರಗೆರೆಯ ಬಯಲಿನಲ್ಲಿ ಕಾರು ಓಟ, ಅದರಲ್ಲಿ ಅವನು ಗೆಲ್ಲಬೇಕು. ಹೊಗೆ ಸಲೀಸಾಗಿ ಹೊರಗೆ ಹೋದರೆ ಎಂಜಿನ್ನಿಗೆ ಬಲ ಬರುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಚಿತ್ರ ನೋಡಿದ್ದ. ಆವರಗೆರೆಯಲ್ಲೇ ಮನೆಯಿದ್ದ ಕಲ್ಲೇಶಪ್ಪನಿಗೆ ಆ ಚಿತ್ರ ತೋರಿಸಿ, "ಇದನ್ನ ಮಾಡೋಕೆ ಆಗ್ತದೇನ್ರಿ ಮೇಸ್ತ್ರಿ?" ಎಂದು ಕೇಳಿದ.

ವಾಮದೇವಪ್ಪನವರು ಲೆಕ್ಕದ ಮನುಷ್ಯ, ಮಗನ ಆಟದಲ್ಲೂ ಒಂದು ದಾರಿ ಕಂಡರು. "ನೋಡ್ರಿ ಕಲ್ಲೇಶಪ್ಪ, ಈ ಕಾರು ಸರಿಹೋದ್ರೆ ಪಿ.ಬಿ. ರೋಡಿನ ನಮ್ಮ ಹಳೇ ಗೋಡೌನ್ ನಿಮಗೆ ಬಿಟ್ಟುಕೊಡ್ತೀನಿ. ಸೈಲೆನ್ಸರ್, ಪೈಪಿನ ಕೆಲ್ಸ ಶುರು ಮಾಡ್ರಿ. ನಮ್ಮ ಲಾರಿನೇ ಹದಿನೆಂಟು ಅದಾವೆ. ಮಷಿನ್ ನಾನು ಹಾಕ್ತೀನಿ, ಕೈ ನಿಮ್ಮಿಬ್ರದು."

"ಸರಿಹೋಗ್ಲಿಲ್ಲ ಅಂದ್ರೆ ಯಜಮಾನ್ರೇ?"

"ಹತ್ತಿ ತುಂಬ್ತೀನಿ. ಅದಕ್ಕೇನಂತೆ."

ಬೀಗ ಬಿದ್ದ ಕಾರ್ಖಾನೆಯ ಮುಂದೆ ಏಳು ತಿಂಗಳು ಟೀ ಕುಡಿದು ಕೂತಿದ್ದವರಿಗೆ ಇದಕ್ಕಿಂತ ದೊಡ್ಡ ಮಾತು ಯಾವುದಿದೆ. ಬೊಮ್ಮಣ್ಣ ಕೇಳಿದ್ದು ಒಂದೇ: "ಅಲ್ಲಿ ನನ್ನ ನಂಬರು ಒತ್ತಬಹುದೇನಲೇ ಕಲ್ಲೇಶಿ?" ಕಲ್ಲೇಶಪ್ಪ ನಕ್ಕು, "ನಮ್ಮದೇ ಶೆಡ್ಡು, ಗೋಡೆ ಮ್ಯಾಲೂ ಒತ್ತು" ಅಂದಿದ್ದ.

ದಾವಣಗೆರೆಯ ವಿದ್ಯಾನಗರದಲ್ಲಿ, ವಾಮದೇವಪ್ಪನವರ ಕಾರಿನ ಶೆಡ್ಡಿನಲ್ಲಿ ಮ್ಯಾನಿಫೋಲ್ಡು ಎಂಜಿನ್ನಿಗೆ ಕೂತದ್ದು ಹೇಗೆಂದರೆ, ಎಂಟು ಬೋಲ್ಟಿಗೆ ಎಂಟೂ ಕೈಬೆರಳಿನಲ್ಲೇ ತಿರುಗಿದವು. ಸುತ್ತಿಗೆ ಮುಟ್ಟಲಿಲ್ಲ. ತೊಡಕು ಬಂದದ್ದು ಒಂದೇ ಕಡೆ. ಹಳೆಯ ಎರಕದ ಭಾಗಕ್ಕೆ ಆಕ್ಸಿಜನ್ ಸೆನ್ಸರ್ ಅನ್ನುವ ಹೆಬ್ಬೆರಳು ಗಾತ್ರದ ಒಂದು ಸಾಮಾನನ್ನು ತಿರುಪಿ ಕೂರಿಸಿತ್ತು. ಅದು ಕಾರಿನ ಮೂಗು. ಹೊಗೆಯ ವಾಸನೆ ನೋಡಿ ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕಂಪ್ಯೂಟರಿಗೆ ಹೇಳುತ್ತದೆ. ಹೊಸ ಮ್ಯಾನಿಫೋಲ್ಡಿನಲ್ಲಿ ಅದಕ್ಕೆ ಜಾಗ ಇದ್ದದ್ದು ನಾಲ್ಕೂ ಕೊಳವೆ ಕೂಡುವ ಕೆಳಗಿನ ಕಡೆ. ಬೊಮ್ಮಣ್ಣ ಅಲ್ಲೊಂದು ದಪ್ಪ ನಟ್ಟು ವೆಲ್ಡ್ ಮಾಡಿಕೊಟ್ಟಿದ್ದ, ಸೆನ್ಸರು ಅದರಲ್ಲಿ ಹಾಯಾಗಿ ಕೂತಿತು. ಆದರೆ ಅದರ ವೈರು ಒಂದೂವರೆ ಅಡಿ ಸಾಲದಾಯಿತು.

ವೈರು ಕತ್ತರಿಸಿ ನಡುವೆ ಬೇರೆ ತುಂಡು ಸೇರಿಸಬೇಕು. ಬೇರೆ ಯಾವನೇ ಆಗಿದ್ದರೂ ಎರಡು ತುದಿ ತಿರುವಿ ಟೇಪು ಸುತ್ತಿ ಕೈ ಒರೆಸಿಕೊಳ್ಳುತ್ತಿದ್ದ. ಕಲ್ಲೇಶಪ್ಪ ಹಾಗೆ ಮಾಡುವ ಪೈಕಿ ಅಲ್ಲ. ಕಾರ್ಖಾನೆಯಲ್ಲಿ ವೈರು ತಿರುವಿದ್ದು ಕಂಡರೆ ಫೋರ್‌ಮನ್ ಎಲ್ಲರೆದುರು ಕಿತ್ತು ಬಿಸಾಡುತ್ತಿದ್ದ; ಕಲಿತ ಮರ್ಯಾದೆ ಅದು. ತುದಿಗಳನ್ನು ಕೆರೆದು ಹೊಳಪು ಬರಿಸಿ, ಒಂದೊಂದು ಎಳೆಯ ಸಂದಿಗೂ ಸಾಲ್ಡರ್, ಕರೆಂಟಿನ ಸಲಾಕೆಯಿಂದ ಕರಗಿಸಿದ ಬೆಸುಗೆಯ ತವರ, ಇಳಿಯುವ ಹಾಗೆ ಬೆಸೆದ. ಮೇಲೆ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆ ತೊಡಿಸಿದ, ಅದರ ಮೇಲೆ ಇನ್ನೊಂದು ತೊಡಿಸಿದ, ಎರಡೂ ತುದಿಗೆ ಅಂಟು ಹಾಕಿ ಮುಚ್ಚಿದ.

"ನೀರಿರ್ಲಿ, ಗಾಳಿನೂ ಆಡಂಗಿಲ್ಲ, ಹಂಗೆ ಮಾಡೀನಿ" ಎಂದು ಸಂತೋಷನಿಗೆ ತೋರಿಸಿದ. ಜೊತೆಗೆ ಬಂದಿದ್ದ ಬೊಮ್ಮಣ್ಣ ಬಗ್ಗಿ ನೋಡಿ ತಲೆದೂಗಿದ.

ಎಂಜಿನ್ ಚಾಲೂ ಮಾಡಿದಾಗ ಬಂದ ಸದ್ದು ಕೇಳಿ ವಾಮದೇವಪ್ಪನವರು ಪೂಜೆ ಬಿಟ್ಟು ಹೊರಗೆ ಬಂದರು. ಗಂಟಲು ತಿಳಿಯಾದ ಹಾಡುಗಾರನ ಹಾಗೆ ಒಂದು ತುಂಬು ದನಿ. ಸಂತೋಷ ಕಾರು ತೆಗೆದುಕೊಂಡು ಹೈವೇ ಕಡೆ ಹೋದ. ಗೆಳೆಯರಿಬ್ಬರೂ ಶೆಡ್ಡಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಗೋಡೌನಿನಲ್ಲಿ ಲೇತು ಯಾವ ಮೂಲೆಗೆ, ಗ್ಯಾಸಿನ ಸಿಲಿಂಡರು ಯಾವ ಮೂಲೆಗೆ ಎಂದು ವಾದ ಮಾಡಿದರು. ಅರ್ಧ ಗಂಟೆಗೆ ಕಾರು ವಾಪಸು ಬಂತು. ಹಿಂದೆ ಕಪ್ಪು ಹೊಗೆ. ಮುಂದೆ ಮೀಟರಿನ ಹತ್ತಿರ ಹಳದಿ ದೀಪ.

"ಕಾಲು ಗಂಟೆ ಚಲೋ ಹೋಯ್ತು ಮೇಸ್ತ್ರಿ. ಆಮ್ಯಾಲೆ ಕೆಮ್ಮೋಕೆ ಶುರುವಾಯ್ತು" ಅಂದ ಸಂತೋಷ.

ಅವನು ಬೆಂಗಳೂರಿನ ಗೆಳೆಯನಿಗೆ, ದೊಡ್ಡ ಗ್ಯಾರೇಜಿನ ಎಂಜಿನಿಯರನಿಗೆ, ಫೋನು ಹಚ್ಚಿದ. ಅತ್ತಲಿಂದ ಬಂದ ತೀರ್ಪು ಎರಡು ತುಂಡು. ಒಂದು, ಸೆನ್ಸರ್ ಸತ್ತಿರಬೇಕು. ಇಲ್ಲದಿದ್ದರೆ ವೆಲ್ಡಿಂಗಿನಲ್ಲಿ ಎಲ್ಲೋ ಸೂಜಿಮೊನೆಯಷ್ಟು ತೂತಿದ್ದು ಹೊರಗಿನ ಗಾಳಿ ಒಳಗೆ ನುಗ್ಗುತ್ತಿರಬೇಕು. ಮೂಗಿಗೆ ಗಾಳಿಯ ವಾಸನೆ ಬಡಿದರೆ ಪೆಟ್ರೋಲು ಸಾಲದೆಂದು ಕಂಪ್ಯೂಟರು ಸುರಿಯುತ್ತಲೇ ಹೋಗುತ್ತದೆ. ಸಂತೋಷ ಚೆನ್ನೈನಿಂದ ಹೊಸ ಸೆನ್ಸರ್ ತರಿಸಿದ. ಸಣ್ಣ ಡಬ್ಬಿಯೊಳಗೆ ಒಂದು ಮಡಿಸಿದ ಚೀಟಿ, ಒಂದು ಕಡೆ ಇರುವೆಸಾಲಿನಂಥ ಇಂಗ್ಲಿಷ್. ಕಲ್ಲೇಶಪ್ಪನಿಗೆ ಡ್ರಾಯಿಂಗಿನ ಇಂಗ್ಲಿಷ್ ಬರುತ್ತಿತ್ತು, ಪುಸ್ತಕದ ಇಂಗ್ಲಿಷ್ ಬರುತ್ತಿರಲಿಲ್ಲ. ಚೀಟಿಯ ಹಿಂದಿನ ಖಾಲಿ ಕಡೆ ಪೆನ್ಸಿಲಿನಲ್ಲಿ ಅಳತೆ ಬರೆದುಕೊಂಡು ಜೇಬಿಗೆ ಹಾಕಿದ. ಹೊಸ ಸೆನ್ಸರಿನ ವೈರನ್ನು ಮೊದಲಿಗಿಂತ ಮುತುವರ್ಜಿಯಿಂದ ಬೆಸೆದ.

ಕಾಲು ಗಂಟೆ ಚೆನ್ನಾಗಿ ಓಡಿತು. ಆಮೇಲೆ ಅದೇ ಕಪ್ಪು ಹೊಗೆ.

ಸೆನ್ಸರು ಹೊಸದು. ಅಂದ ಮೇಲೆ ಉಳಿದದ್ದು ವೆಲ್ಡಿಂಗು. ಮ್ಯಾನಿಫೋಲ್ಡು ಬಿಚ್ಚಿ ಗೋಣಿತಾಟಿನಲ್ಲಿ ಸುತ್ತಿ ಮತ್ತೆ ಹರಿಹರಕ್ಕೆ. ಬೊಮ್ಮಣ್ಣ ಎಲ್ಲ ಬಾಯಿಗಳನ್ನೂ ಮುಚ್ಚಿ, ಒಳಗೆ ಗಾಳಿ ತುಂಬಿ, ಸಾಬೂನು ನೀರು ಬಳಿದು ನೋಡಿದ. ಒಂದು ಗುಳ್ಳೆ ಏಳಲಿಲ್ಲ. ಆದರೂ ಎಲ್ಲ ವೆಲ್ಡಿನ ಮೇಲೆ ಇನ್ನೊಂದು ಸುತ್ತು ಎಳೆದ. ಮೂರು ಸಲ ಹೀಗಾಯಿತು. ಮೂರು ಸಲವೂ ಗುಳ್ಳೆ ಇಲ್ಲ, ಮೂರು ಸಲವೂ ಹೊಗೆ.

"ಕಾದಾಗ ಬಾಯಿ ಬಿಡ್ತೈತೆ ಕಣೋ. ತಣ್ಣಗಿದ್ದಾಗ ಹೆಂಗೆ ಕಾಣ್ತೈತೆ?" ಅಂದ ಕಲ್ಲೇಶಪ್ಪ. ಮಾತು ಸರಿಯಾಗಿಯೇ ಇತ್ತು. ಕಾಲು ಗಂಟೆ ಆದ ಮೇಲೆ ತಾನೇ ಕೆಡುತ್ತಿದ್ದದ್ದು? ಬುದ್ಧಿವಂತರು ತಪ್ಪು ದಾರಿ ಹಿಡಿದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಒಂದೊಂದು ಹೆಜ್ಜೆಗೂ ಕಾರಣ ಇಟ್ಟುಕೊಂಡಿರುತ್ತಾರೆ.

ಮೂರನೇ ಸಲ ಕೆಲಸ ಮುಗಿದ ಮೇಲೆ ಬೊಮ್ಮಣ್ಣ ಕನ್ನಡಕ ತೆಗೆದು, ಹೆಂಡತಿ ಯಲ್ಲಕ್ಕ ಒಳಗಿದ್ದಾಳೆಯೇ ಎಂದು ನೋಡಿ, ದನಿ ತಗ್ಗಿಸಿದ. "ಕಲ್ಲೇಶಿ, ಎಡಗಣ್ಣು ವರ್ಷದಿಂದ ಮಂಜಾಗೈತೆ. ಕೈಗೆ ಗೊತ್ತಿರೋದ್ರಿಂದ ನಡೀತೈತೆ ಅಂದ್ಕೊಂಡಿದ್ದೆ. ಯಾರಿಗೂ ಹೇಳಬ್ಯಾಡ."

"ಹೇಳ್ತೀನೇನೋ ಮಾರಾಯ" ಅಂದ ಕಲ್ಲೇಶಪ್ಪ.

ಓಟದ ದಿನ ಆವರಗೆರೆಯ ಕರಿಮಣ್ಣಿನ ಬಯಲಿನಲ್ಲಿ ಅರ್ಧ ದಾವಣಗೆರೆಯೇ ನೆರೆದಿತ್ತು. ಕಾಲು ಗಂಟೆಯೊಳಗೆ ಮುಗಿಸಿಬಿಡೋಣ ಎಂದು ಸಂತೋಷ ಕಾರನ್ನು ಹಾಗೇ ಇಳಿಸಿದ. ಸಂತೋಷನ ಕಾರು ಮೊದಲ ಎರಡು ಸುತ್ತು ಎಲ್ಲರನ್ನೂ ಹಿಂದೆ ಹಾಕಿತು. ಮೂರನೇ ಸುತ್ತಿಗೆ ಮೊದಲು ಕಾರುಗಳನ್ನು ಗೆರೆಯ ಮೇಲೆ ನಿಲ್ಲಿಸಿ ಕಾಯುವಂತೆ ಮಾಡಿದರು, ಅಲ್ಲಿಗೆ ಕಾಲು ಗಂಟೆ ಕಳೆದಿತ್ತು. ಬಾವುಟ ಬಿದ್ದಾಗ ಕಾರು ಕೆಮ್ಮಿತು, ಕುಂಟಿತು, ಕಪ್ಪು ಹೊಗೆಯ ನಡುವೆ ನಿಂತಿತು. ಜನ ಸಿಳ್ಳೆ ಹೊಡೆದರು. ವಾಮದೇವಪ್ಪನವರು ತಮ್ಮ ಜೊತೆಯ ವ್ಯಾಪಾರಿಗಳನ್ನು ಕರೆತಂದಿದ್ದರು, ಅವರೂ ನಕ್ಕರು.

"ಏನ್ರಿ ಕಲ್ಲೇಶಪ್ಪ, ಯಾರ ತಪ್ಪಿದು?" ಎಂದು ವಾಮದೇವಪ್ಪನವರು ಕೇಳಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಕಲ್ಲೇಶಪ್ಪ ಸುಮ್ಮನಿರುತ್ತಿದ್ದನೋ ಏನೋ.

ಗೋಡೌನು ಕೈಬಿಟ್ಟು ಹೋಗುವುದು ಕಲ್ಲೇಶಪ್ಪನಿಗೆ ಕಣ್ಣಿಗೆ ಕಟ್ಟಿತು. ತಾನೊಬ್ಬನಾದರೂ ಉಳಿಯಬೇಕು ಅನ್ನುವ ಹೆದರಿಕೆ ಬಾಯಿಗೆ ಬಂತು. "ಫಿಟ್ಟಿಂಗ್ ನಂದ್ರಿ, ಅದರಾಗೆ ಕೂದಲೆಳೆ ಫರಕಿಲ್ಲ. ವೈರಿಂಗೂ ನಂದೇ. ವೆಲ್ಡಿಂಗ್ ಒಂದೇ ಹಿಂಗಾಗಿರೋದು. ಅವ್ನಿಗೆ ಕಣ್ಣು ಮಂಜಾಗೈತೆ ಯಜಮಾನ್ರೇ, ನನಗೂ ಮೊನ್ನೆ ಗೊತ್ತಾತು. ಬೇರೆ ವೆಲ್ಡರನ್ನ ಹಾಕ್ಕೊಂಡ್ರೆ..."

ಬೊಮ್ಮಣ್ಣ ಅವನ ಬೆನ್ನ ಹಿಂದೆಯೇ ನಿಂತಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೊಮ್ಮಣ್ಣ ಎಂಜಿನ್ ಆರುವವರೆಗೆ ಕಾರಿನ ನೆರಳಲ್ಲಿ ಕೂತ. ಆಮೇಲೆ ಕಲ್ಲೇಶಪ್ಪ ಹೊಸದಾಗಿ ಹೊಂದಿಸಿಕೊಂಡಿದ್ದ ಪೆಟ್ಟಿಗೆಯಿಂದ ಅರ ತೆಗೆದುಕೊಂಡು, ಕಾರಿನ ಕೆಳಗೆ ಬೆನ್ನ ಮೇಲೆ ಮಲಗಿ, ಕೊಳವೆಯ ಬಗಲಿನ ನಂಬರನ್ನು ಉಜ್ಜತೊಡಗಿದ. ಕಲ್ಲೇಶಪ್ಪ ಆ ಸದ್ದನ್ನು ಕೇಳುತ್ತಾ ನಿಂತ. ಬ್ಯಾಡ ಅನ್ನಬಹುದಿತ್ತು. ಅನ್ನಲಿಲ್ಲ. ಉಜ್ಜಿ ಮುಗಿಸಿದ ಬೊಮ್ಮಣ್ಣ ಅರವನ್ನು ಒರೆಸಿ, ತೆಗೆದ ಜಾಗದಲ್ಲೇ ಇಟ್ಟು, ಹರಿಹರದ ಬಸ್ಸು ಹಿಡಿಯಲು ರಸ್ತೆಯ ಕಡೆ ನಡೆದ.

ಗೋಡೌನಿಗೆ ಹತ್ತಿ ಬಂತು. ಸ್ನೇಹಿತನನ್ನು ಮಾರಿದರೂ ಕಲ್ಲೇಶಪ್ಪನಿಗೆ ಏನೂ ಗಿಟ್ಟಲಿಲ್ಲ.

ಮೂರು ತಿಂಗಳು ಕಳೆಯಿತು. ಕಲ್ಲೇಶಪ್ಪ ಆವರಗೆರೆಯಲ್ಲಿ ಗೇಟು ಗ್ರಿಲ್ಲು ಮಾಡುವ ಅಂಗಡಿಗೆ ಸೇರಿದ್ದ. ಮೇ ತಿಂಗಳ ಒಂದು ಬೆಳಿಗ್ಗೆ ವಿದ್ಯಾನಗರದ ಮನೆಯೊಂದಕ್ಕೆ ಕಿಟಕಿಯ ಸರಳು ಕೂರಿಸುತ್ತಿದ್ದಾಗ ಬೀದಿಯಲ್ಲಿ ಒಂದು ಸದ್ದು ಹಾದುಹೋಯಿತು. ಅದೇ ತುಂಬು ದನಿ. ಅವನು ಸರಳು ಬಿಟ್ಟು ಓಡಿಬಂದು ನೋಡಿದ. ಸಂತೋಷನ ಕಾರು, ಹಿಂದೆ ಹೊಗೆಯ ಸುಳಿವೇ ಇಲ್ಲ.

ಕಾರಿನ ಕೆಲಸ ಈಗ ಅಮೀರ್ ಜಾನ್ ನೋಡುತ್ತಾನೆಂದು ಗೊತ್ತಾಗಿ ಮಧ್ಯಾಹ್ನ ಅವನ ಅಂಗಡಿಗೆ ಹೋದ. ಅಮೀರ್ ಜಾನ್ ಪಿ.ಬಿ. ರೋಡಿನಲ್ಲಿ ಗಾಡಿಗಳ ಕರೆಂಟಿನ ಕೆಲಸ ಮಾಡುವವನು, ಒಳ್ಳೆಯ ಮಾತುಗಾರ, ಕೆಲಸದಲ್ಲಿ ಮಾತ್ರ ಆಮೇಲೆ ಮಾಡಿದರಾಯಿತು ಅನ್ನುವ ಜಾಯಮಾನ.

"ಮ್ಯಾನಿಫೋಲ್ಡು ಬದಲಾಯಿಸಿದ್ರೇನು ಭಾಯ್?"

"ಇಲ್ಲ ಕಲ್ಲೇಶಪ್ಪನೋರೆ, ನಿಮ್ದೇ ಐತೆ."

"ಮತ್ತೆ ವೆಲ್ಡಿಂಗ್ ಮಾಡಿಸಿದ್ರಾ?"

"ಯಾಕ ಮಾಡಿಸ್ಲಿ? ಅಂಥಾ ವೆಲ್ಡಿಂಗು ನಾನು ಕಂಡಿಲ್ಲ. ಹೊಸ ಸೆನ್ಸರ್ ತಂದ್ಕೊಟ್ರು, ಹಾಕ್ದೆ. ವೈರು ಎರಡು ತುದಿ ತಿರುವಿ ಟೇಪ್ ಸುತ್ದೆ."

"ಸಾಲ್ಡರ್ ಮಾಡ್ಲಿಲ್ವಾ?"

ಅಮೀರ್ ಜಾನ್ ನಾಚಿಕೊಂಡ. "ಕರೆಂಟ್ ಹೋಗಿತ್ರಿ. ಬಂದ ಮ್ಯಾಲೆ ಮಾಡಾಣ ಅಂತಿದ್ದೆ, ಅಷ್ಟ್ರಾಗೆ ಸಂತೋಷ್ ಸಾಬ್ರು ಗಾಡಿ ಒಯ್ದ್ರು. ನೀವು ಯಾರಿಗೂ ಹೇಳಬ್ಯಾಡ್ರಿ ಮತ್ತೆ."

ಕಲ್ಲೇಶಪ್ಪ ಮನೆಗೆ ಹೋಗಿ ಹತಾರದ ಪೆಟ್ಟಿಗೆಯ ತಳದಿಂದ ಸೆನ್ಸರಿನ ಡಬ್ಬಿಯಲ್ಲಿ ಬಂದಿದ್ದ ಆ ಚೀಟಿ ತೆಗೆದ. ಅಳತೆ ಬರೆದ ಕಾಗದವನ್ನು ಎಸೆಯುವ ಅಭ್ಯಾಸ ಅವನಿಗಿರಲಿಲ್ಲ. ಸಂಜೆ ಅದನ್ನು ಸಂತೋಷನ ಕೈಗೆ ಕೊಟ್ಟು, "ಇದರಾಗೆ ಏನು ಬರೆದೈತೆ, ಕನ್ನಡದಾಗೆ ಹೇಳ್ರಿ" ಅಂದ.

ಸಂತೋಷ ಓದಿದ. ಅವನ ಹುಬ್ಬು ಮೇಲೇರಿತು. ಹೊಗೆಯನ್ನು ಅಳೆಯಬೇಕಾದರೆ ಹೋಲಿಸಿ ನೋಡಲು ಸೆನ್ಸರಿಗೆ ಹೊರಗಿನ ಶುದ್ಧ ಗಾಳಿ ಬೇಕು. ಆ ಗಾಳಿಯನ್ನು ಅದು ಎಳೆದುಕೊಳ್ಳುವುದು ವೈರಿನ ಎಳೆಗಳ ಸಂದಿಯಿಂದ. ಆದ್ದರಿಂದ ವೈರನ್ನು ಎಂದೂ ಸಾಲ್ಡರ್ ಮಾಡಬಾರದು.

"ಅರೆ, ಇದ್ರಾಗೇ ಐತಲ್ಲ ಮೇಸ್ತ್ರಿ. ನಾನು ಓದೇ ಇರ್ಲಿಲ್ಲ" ಎಂದು ಸಂತೋಷ ನಕ್ಕ. ಹರೆಯದ, ಕೆಟ್ಟತನವಿಲ್ಲದ ನಗು. ಅವನ ಪಾಲಿಗೆ ಅದೊಂದು ಮುಗಿದ ತಮಾಷೆ.

ಕಲ್ಲೇಶಪ್ಪ ಮೆಟ್ಟಿಲ ಮೇಲೆ ಕೂತ. ಎಳೆ ಎಳೆಗೂ ಸಾಲ್ಡರ್ ಇಳಿಸಿದ್ದು ತಾನು. ಗಾಳಿಯೂ ಆಡಂಗಿಲ್ಲ ಎಂದು ಎದೆ ಸೆಟೆಸಿ ಹೇಳಿದ್ದು ತಾನು. ಒಳಗಿದ್ದ ಚೂರು ಗಾಳಿ ತೀರುವವರೆಗೆ, ಕಾಲು ಗಂಟೆ, ಸೆನ್ಸರು ಬದುಕುತ್ತಿತ್ತು; ಆಮೇಲೆ ಪೆಟ್ರೋಲು ಸಾಲದೆಂದು ಸುಳ್ಳು ಹೇಳಿ ಕಪ್ಪು ಹೊಗೆ ಬರಿಸುತ್ತಿತ್ತು. ಎರಡು ಸಲ ಅದರ ಮೂಗು ಹಿಡಿದು ಸಾಯಿಸಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಬೊಮ್ಮಣ್ಣನನ್ನು ಸುಟ್ಟಿದ್ದ. ಕೆಲಸದಲ್ಲಿ ಸೋಮಾರಿತನ ಮಾಡಿದ್ದರೆ, ಅವತ್ತು ಕರೆಂಟು ಹೋಗಿದ್ದರೆ, ಇಬ್ಬರೂ ಈಗ ಗೋಡೌನಿನಲ್ಲಿರುತ್ತಿದ್ದರು. ಇಡೀ ಜೀವಮಾನದಲ್ಲಿ ಕಲಿತ ಒಳ್ಳೆಯ ಬುದ್ಧಿಯೇ ಕೈಕೊಟ್ಟ ಮೇಲೆ ಮನುಷ್ಯ ಯಾವುದನ್ನು ನಂಬಬೇಕು?

"ಹರಿಹರಕ್ಕೆ ಬಂದು ಬೊಮ್ಮಣ್ಣಗೆ ಇದೊಂದು ಮಾತು ಹೇಳ್ರಿ ಸಂತೋಷಪ್ಪ" ಎಂದು ಬೇಡಿಕೊಂಡ.

"ಈ ವಾರ ಆಗಂಗಿಲ್ಲ ಮೇಸ್ತ್ರಿ. ಮುಂದೆ ನೋಡಾಣ."

ಮುಂದೆ ಅನ್ನುವುದಕ್ಕೆ ಕಾಯುವ ತಾಳ್ಮೆ ಇರಲಿಲ್ಲ. ಮರುದಿನವೇ ಹರಿಹರದ ಬಸ್ಸು ಹತ್ತಿದ. ಬೊಮ್ಮಣ್ಣನ ಮನೆಯ ಪಕ್ಕದ ಚಪ್ಪರ ಖಾಲಿಯಾಗಿತ್ತು. ಅಲ್ಲಿ ಯಲ್ಲಕ್ಕ ಸೌದೆ ಒಟ್ಟಿದ್ದಳು. ಬಂದವನನ್ನು ನೋಡಿ ಕೈಯಲ್ಲಿದ್ದ ಸೌದೆ ಕೆಳಗಿಟ್ಟು, "ಕೂಡ್ರಿ ಅಣ್ಣ" ಅಂದಳು.

"ವೆಲ್ಡಿಂಗ್ ಸೆಟ್ಟು?"

"ಮಾರಿದ್ರು. ಆವರಗೆರೆಯಿಂದ ಬಂದ ಮೂರನೇ ದಿನಾನೇ. ಈಗ ಸ್ಟೇಷನ್ ಹತ್ರ ಸೈಕಲ್ ಸ್ಟ್ಯಾಂಡ್ ನೋಡ್ಕೊಂತಾರೆ." ಅವಳು ನೆಲ ನೋಡುತ್ತಾ ಹೇಳಿದಳು. "ಮೊದಲು ಕೈ ಚಾಚಿ ಚಾಚಿ ನೋಡ್ಕೊಂತಿದ್ರು, ನಡುಗ್ತಾವೇನೋ ಅಂತ. ಈಗ ಅದನ್ನೂ ಬಿಟ್ಟಾರೆ. ಹಳೇ ಮಾತು ಎತ್ತಬ್ಯಾಡ್ರಿ ಅಣ್ಣ."

ಎತ್ತದೆ ಹೇಗೆ ಇರುವುದು. ಸ್ಟೇಷನ್ನಿನ ಪಕ್ಕದ ತಗಡಿನ ಮಾಡಿನ ಕೆಳಗೆ ಬೊಮ್ಮಣ್ಣ ಸ್ಟೂಲಿನ ಮೇಲೆ ಕೂತಿದ್ದ. ಕಲ್ಲೇಶಪ್ಪನನ್ನು ಕಂಡು ಮುಖ ತಿರುಗಿಸಲಿಲ್ಲ. ಅದೇ ಬಂದವನನ್ನು ಹೆಚ್ಚು ಹೆದರಿಸಿತು. "ಬಾರೋ ಕಲ್ಲೇಶಿ" ಎಂದು ಪಕ್ಕದ ಕಟ್ಟೆ ತೋರಿಸಿ, ಎರಡು ಟೀ ಹೇಳಿದ.

ಕಲ್ಲೇಶಪ್ಪ ಟೀ ಮುಟ್ಟಲಿಲ್ಲ. ಸಾಲ್ಡರಿನಿಂದ ಹಿಡಿದು ಅಮೀರ್ ಜಾನನ ಕರೆಂಟು ಹೋದದ್ದರವರೆಗೆ ಒಂದೂ ಬಿಡದೆ ಹೇಳಿದ. "ನಿನ್ನ ವೆಲ್ಡಿಂಗ್‌ನಾಗೆ ಏನೂ ಇರ್ಲಿಲ್ಲ ಬೊಮ್ಮಣ್ಣ. ತಪ್ಪು ನಂದು, ನಂದೊಬ್ಬಂದೇ. ನೋಡು, ಇದರಾಗೆ ಬರೆದೈತೆ" ಎಂದು ಚೀಟಿ ಕೊಟ್ಟ.

ಬೊಮ್ಮಣ್ಣ ಅದನ್ನು ಬಲಗಣ್ಣಿನ ಹತ್ತಿರ ಹಿಡಿದು ಇಂಗ್ಲಿಷ್ ಕಡೆ ನೋಡಿದ, ತಿರುವಿ ಹಾಕಿ ಪೆನ್ಸಿಲಿನ ಕಡೆ ನೋಡಿದ. "ಇದು ನಿನ್ನ ಅಕ್ಷರನೇ ಐತಲ್ಲೋ" ಅಂದ.

"ಆ ಕಡೆ ಅಲ್ಲ, ಈ ಕಡೆ."

"ಈ ಕಡೆ ನಿನಗೂ ಓದಾಕ ಬರಲ್ಲ, ನನಗೂ ಬರಲ್ಲ." ಬೊಮ್ಮಣ್ಣ ಚೀಟಿಯನ್ನು ಮಡಿಸಿ ಅವನ ಜೇಬಿಗೇ ಇಟ್ಟ. ಆಮೇಲೆ ಅವನ ಮೊಣಕಾಲ ಮೇಲೆ ಕೈ ಇಟ್ಟು, ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದ. "ಅವತ್ತೂ ಹಿಂಗೇ ಅಂದಿದ್ದೆ ನೀನು. ಕ್ಲ್ಯಾಂಪ್ ನಾನೇ ಬಿಗಿದಿರಲಿಲ್ಲ ಸಾರ್, ತಪ್ಪು ನಂದು. ಏಳು ದಿನ ಮನ್ಯಾಗೆ ಕೂತೆ. ನಾನು ಮರೆತಿಲ್ಲ. ಆದ್ರೆ ಎಷ್ಟು ಸಲ ಅಂತ ನನ್ನ ತಪ್ಪು ಹೊರ್ತೀಯ?"

"ಅವತ್ತು ಸುಳ್ಳು ಹೇಳಿದ್ದೆ ಕಣೋ. ಇವತ್ತು ಖರೆ ಹೇಳ್ತಾ ಇದೀನಿ."

"ಅವತ್ತೂ ಹಿಂಗೇ, ಇದೇ ಮುಖ ಇಟ್ಕೊಂಡೇ ಹೇಳಿದ್ದೆ."

ಕಲ್ಲೇಶಪ್ಪ ಅವನ ಕೈ ಹಿಡಿದುಕೊಂಡ. "ಬಂದು ಕಾರು ನೋಡೋ. ನಿನ್ನದೇ ವೆಲ್ಡಿಂಗು, ನಿನ್ನೆನೂ ಓಡ್ತಿತ್ತು, ಚೂರು ಹೊಗೆ ಇಲ್ಲ. ಕಣ್ಣಾರೆ ನೋಡು."

"ಬೇರೆ ಯಾರೋ ಮಾಡಿಕೊಟ್ಟಿರ್ತಾರೆ ಬಿಡು. ನಂದು ಅಂತ ಹೆಂಗೆ ಗುರ್ತು ಹಿಡೀಲಿ? ನಂಬರು ನಾನೇ ಉಜ್ಜಿ ಹಾಕೀನಲ್ಲ." ಅದರಲ್ಲಿ ಸಿಟ್ಟಿರಲಿಲ್ಲ. ಹಳೆಯ ಲೆಕ್ಕವೊಂದನ್ನು ಚುಕ್ತಾ ಮಾಡಿದವನ ನಿರಾಳವಿತ್ತು. "ಕಣ್ಣು ಹೋದ ಮ್ಯಾಲೆ ಕೈ ಇರ್ತೈತೇನೋ? ನನಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಾಕ ನಿನ್ನಂಥ ಒಬ್ಬ ಬೇಕಿತ್ತು. ಒಳ್ಳೇದೇ ಮಾಡ್ದೆ."

ಆ ಕೊನೆಯ ಮಾತು ಕಲ್ಲೇಶಪ್ಪನ ಎದೆಯನ್ನು ಸೀಳಿತು. ಬೈದಿದ್ದರೆ, ಟೀ ಲೋಟ ಮುಖಕ್ಕೆ ಎಸೆದಿದ್ದರೆ ತಡೆದುಕೊಳ್ಳಬಹುದಿತ್ತು. ಇಪ್ಪತ್ತನಾಲ್ಕು ವರ್ಷ ತನ್ನ ಕೈಯನ್ನು ನಂಬಿ ಬದುಕಿದ್ದವನು, ಆವರಗೆರೆಯಲ್ಲಿ ಆಡಿದ ಒಂದು ತಪ್ಪು ಮಾತನ್ನು ನಂಬಿ ಆ ಕೈಯನ್ನು ಕೆಳಗಿಟ್ಟಿದ್ದ, ಅದನ್ನು ಹೇಳಿದವನ ಉಪಕಾರವನ್ನೂ ಸ್ಮರಿಸುತ್ತಿದ್ದ.

ಹುಬ್ಬಳ್ಳಿ ಕಡೆಯ ಗಾಡಿ ಬಂದು ನಿಂತಿತು. ಜನ ಬಿಲ್ಲೆ ಹಿಡಿದು ಸೈಕಲ್ಲಿಗೆ ಮುಗಿಬಿದ್ದರು. ಬೊಮ್ಮಣ್ಣ ಎದ್ದು ಬಿಲ್ಲೆ ಇಸಿದುಕೊಂಡು ಒಂದೊಂದೇ ಸೈಕಲ್ ಬಿಡಿಸಿ ಕೊಡತೊಡಗಿದ. ಕೈ ಎಲ್ಲೂ ತಡವರಿಸಲಿಲ್ಲ. ಸುಮ್ಮನೆ ಕೂರಲಾರದೆ ಕಲ್ಲೇಶಪ್ಪನೂ ವಾಪಸು ಬಂದ ಬಿಲ್ಲೆಗಳನ್ನು ಗೋಡೆಯ ತಂತಿಗೆ ಪೋಣಿಸಲು ನಿಂತ. ತಗಡು ಕತ್ತರಿಸಿ ಮಾಡಿದ ಬಿಲ್ಲೆಗಳು, ಅಂಚನ್ನು ಅರದಿಂದ ನಯ ಮಾಡಿತ್ತು. ಒಂದೊಂದರ ಮೇಲೂ ಒತ್ತಿದ ಅಂಕಿ: 1, 4, 7, 11, 14, 17, 41. ಬೊಮ್ಮಣ್ಣನ ಹತ್ತಿರ ಇದ್ದದ್ದು ಮೂರೇ ಪಂಚು. ಆ ಮೂರರಿಂದ ಎಷ್ಟು ನಂಬರು ಆಗುತ್ತವೋ ಅಷ್ಟನ್ನೂ ಹೊರಡಿಸಿದ್ದ. 411, 414, ಅದರ ಮುಂದೆ 441.

ಕಲ್ಲೇಶಪ್ಪ ತಂತಿಯನ್ನು ಮೊದಲಿನಿಂದ ಇನ್ನೊಮ್ಮೆ ಎಣಿಸಿದ. ಬಿಟ್ಟುಹೋಗಿರಬಹುದೆಂದು ನೆಲದ ಮೇಲೆ, ಡಬ್ಬಿಯಲ್ಲಿ, ನಿಂತ ಸೈಕಲ್ಲುಗಳ ಹ್ಯಾಂಡಲ್ಲಿನಲ್ಲಿ ಹುಡುಕಿದ.

"ಏನು ಹುಡುಕ್ತೀಯೋ?" ಅಂದ ಬೊಮ್ಮಣ್ಣ.

"ನಿನ್ನ ನಂಬರು ಎಲ್ಲೈತೆ?"

"ಅದನ್ನ ಮಾಡ್ಲಿಲ್ಲ ಬಿಡು. ಆ ನಂಬರ್ ಮ್ಯಾಲೆ ಯಾರ್ದಾದ್ರೂ ಸೈಕಲ್ ಕಳದೀತು" ಎಂದು ಬೊಮ್ಮಣ್ಣ ಮುಂದಿನ ಬಿಲ್ಲೆಗೆ ಕೈ ಚಾಚಿದ.